ಇತರೆ

ನನ್ನ ವೀಸಾದಲ್ಲಿ ಬರೆದಿರುವುದು: ಕಡತ ಗುಮಾಸ್ತೆ.
ಹದಿನಾರು ವರ್ಷದ ಹಿಂದೆ ನನ್ನ ಕೆಲಸದ ಹೆಸರು
ಪಿಆರ್‌ಓ ಕೈಯ ಪಟ್ಟಿಯಲ್ಲಿ ಇರಲಿಲ್ಲ,
ಹತ್ತಿರದ್ದೊಂದನ್ನು ಹುಡುಕಿ ಅಂಟಿಸಿಬಿಟ್ಟ.
ಬಿಸಿನೆಸ್ ಅನಲಿಸ್ಟ್ ಅಂದರೆ ಏನು ವೈಲೆಟ್ ಬಾಯಿ, ಎಂದು
ಶಾರ್ಜಾದ ನಮ್ಮ ಲಿಫ್ಟಿನಲ್ಲಿ ಕೇಳಿದವರಿಗೆ
ಮಹಡಿಗೊಂದು ಉತ್ತರ ಕೊಟ್ಟಿದ್ದೇನೆ:
ಬೇಕು ಅನ್ನುವವರಿಗೂ ಕಟ್ಟಿಕೊಡುವವರಿಗೂ ನಡುವೆ ನಿಂತವಳು;
ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವಾಗ
ನೊಗ ಹಿಡಿದು, ಯಾಕಪ್ಪಾ, ಎನ್ನುವವಳು;
ಅಷ್ಟರಲ್ಲಿ ಅವರ ಮಹಡಿ ಬಂದರೆ, ಟೈಪಿಸ್ಟ್.

ಈಗ ಯಂತ್ರ ಬಂದಿದೆ.
ಸೋಮವಾರದ ಮೀಟಿಂಗಿನಲ್ಲಿ ಅದೂ ಕೂರುತ್ತದೆ,
ಬಿಸ್ಕೆಟ್ ಮುಟ್ಟುವುದಿಲ್ಲ.
ನಾನು ಮೂರು ವಾರ ಕೂತು ಬರೆಯುತ್ತಿದ್ದ ನಲವತ್ತು ಪುಟ
ಪ್ರಜೀಷನ ಕರಕ್ ಆರುವ ಮೊದಲೇ ತಯಾರು.
ಓದಿದೆ. ಹೊಟ್ಟೆಕಿಚ್ಚಿನಿಂದಲೇ, ಪೆನ್ಸಿಲ್ ಹಿಡಿದು ಓದಿದೆ.
ತಪ್ಪು ಸಿಗಲಿಲ್ಲ.
ಆಡಿದ ಮಾತು ಒಂದೂ ಬಿಟ್ಟುಹೋಗಿರಲಿಲ್ಲ.
ಆಡದ್ದನ್ನು ಹೇಗೆ ಬರೆದೀತು, ಪಾಪ:
ಲಾರಿಗಳ ಮಾತು ಬಂದಾಗ ಹೆಸ್ಸಾ ಮೇಡಂ
ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದದ್ದು.

ಪ್ರಶ್ನೆ ಇಷ್ಟೇ:
ಜೆಬೆಲ್ ಅಲಿಯ ನಮ್ಮ ಗೇಟಿನಲ್ಲಿ ಲಾರಿಗಳು ಯಾಕೆ ಕಾಯುತ್ತವೆ?
ತೆರೆಯ ಮೇಲೆ ಎಂಟು ಕಾರಣ, ಚಾಲಕ ಒಂದನ್ನು ಒತ್ತಬೇಕು.
ನೂರಕ್ಕೆ ಎಪ್ಪತ್ತೊಂದು ಮಂದಿ ಒತ್ತಿದ್ದು ಎಂಟನೆಯದು:
ಇತರೆ.
ಯಂತ್ರ ಅದಕ್ಕೂ ಚಂದದ ಚಿತ್ರ ಬಿಡಿಸಿತ್ತು,
ಇತರೆಗೆ ಬೇರೆ ಸಾಲು, ಬೇರೆ ದರ, ಬೇರೆ ಬಣ್ಣ.
ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾಣತನ.
ನಗಬೇಡಿ,
ಅಂಥ ಕೊಟ್ಟಿಗೆ ನಾನೂ ಹತ್ತಾರು ಕಟ್ಟಿಸಿದ್ದೇನೆ,
ಸಹಿ ಹಾಕಿಸಿಕೊಂಡು.

ಆಗಸ್ಟಿನ ಮಧ್ಯಾಹ್ನ ಗೇಟಿಗೆ ಹೋದೆ.
ಕಾರಿನ ಬಾಗಿಲು ತೆರೆದರೆ ಒಲೆಯ ಬಾಯಿ.
ಹತ್ತೊಂಬತ್ತು ಲಾರಿ, ಒಂದೂ ಅಲುಗುತ್ತಿಲ್ಲ.
ಟ್ರೇಲರಿನ ಅಡಿಯ ನೆರಳಿನಲ್ಲಿ ಚಾಪೆ ಹಾಸಿ
ಪೇಶಾವರದ ನೂರ್ ಬಾದಶಾ ಸೌತೆಕಾಯಿ ಹೆಚ್ಚುತ್ತಿದ್ದ.
ಹನ್ನೆರಡೂವರೆಯಿಂದ ಮೂರು, ಅಂದ,
ಬಿಸಿಲಿನಲ್ಲಿ ಯಾರೂ ದುಡಿಯಬಾರದೆಂದು ಸರ್ಕಾರದ ಕಾನೂನು,
ಒಳ್ಳೆಯ ಕಾನೂನು.
ಇಳಿಸುವವರೆಲ್ಲ ಒಳಗೆ ಮಲಗಿದ್ದಾರೆ, ನಾವು ಇಲ್ಲಿ.
ನಿಮ್ಮ ತೆರೆಯಲ್ಲಿ ಬಿಸಿಲು ಎಲ್ಲಿದೆ ಬೀಬಿ?
ಮಳೆ ಇದೆ, ನೋಡಿ,
ಎರಡನೆಯದೇ ಮಳೆ.

ನೋಡುವುದೇನು.
ಆ ಪಟ್ಟಿ ಬರೆದವಳು ನಾನು,
ಹನ್ನೊಂದು ವರ್ಷದ ಹಿಂದೆ, ಒಂದು ಜನವರಿಯಲ್ಲಿ,
ಹದಿನಾಲ್ಕನೇ ಮಹಡಿಯ ತಣ್ಣನೆ ಕೋಣೆಯಲ್ಲಿ
ಶಾಲು ಹೊದ್ದುಕೊಂಡು.
ಹೊರಗೆ ಆ ದಿನ ಮಳೆ, ವರ್ಷಕ್ಕೊಮ್ಮೆ ಬರುವಂಥದ್ದು,
ಎಲ್ಲರೂ ಕಿಟಕಿಗೆ ಅಂಟಿಕೊಂಡು ಫೋಟೊ ತೆಗೆಯುತ್ತಿದ್ದರು.

ನೂರ್ ಬಾದಶಾ ಉಪ್ಪು ಸವರಿ ಒಂದು ಹೋಳು ಕೊಟ್ಟ.
ತಿಂದೆ. ತಪ್ಪೊಪ್ಪಿಕೊಳ್ಳಲಿಲ್ಲ.

ಸಂಜೆ ಪಟ್ಟಿಗೆ ಒಂದು ಪದ ಸೇರಿಸಿದೆ.
ಯಂತ್ರ ಕ್ಷಣದಲ್ಲಿ ಎಲ್ಲ ನಕ್ಷೆ ತಿದ್ದಿ,
ಉತ್ತಮ ಅಂಶ, ಎಂದು ಮೆಚ್ಚಿಕೊಂಡಿತು.
ಹನ್ನೊಂದು ವರ್ಷ ಎಲ್ಲಿದ್ದಿರಿ ಎಂದು
ಅದು ಕೇಳಲಿಲ್ಲ.
ಕೇಳಬಹುದಿತ್ತು, ಆ ಪ್ರಶ್ನೆ ನನ್ನ ಕಸುಬಿನದು.

ಎಚ್‌ಆರ್ ಕಳಿಸಿದ ಫಾರಂ ಇನ್ನೂ ತೆರೆದಿದೆ:
ಮುಂದಿನ ವರ್ಷದಿಂದ ನಿಮ್ಮ ಹುದ್ದೆ ಯಾವುದು, ಆಯ್ದುಕೊಳ್ಳಿ.
ಆರು ಹೊಳೆಯುವ ಹೆಸರು, ಎರಡರ ಅರ್ಥ ನನಗೆ ಗೊತ್ತು.
ಏಳನೆಯದು ಏನೆಂದು ಹೇಳಬೇಕಿಲ್ಲ.
ಗುರುವಾರದೊಳಗೆ ಒತ್ತಬೇಕಂತೆ.

ಪ್ರಜೀಷ್ ಕುರ್ಚಿ ಎಳೆದುಕೊಂಡು ಬಂದ.
ಎರಡು ವರ್ಷದ ಹುಡುಗ ಈ ಕೆಲಸದಲ್ಲಿ, ಮನೆಸಾಲ ಬೇರೆ.
ಮೇಡಂ, ನಿಜ ಹೇಳಿ,
ಇದನ್ನೇ ಕಲಿಯಲೋ, ಬೇರೆ ಏನಾದರೂ ನೋಡಲೋ?
ಗೊತ್ತಿಲ್ಲ, ಅಂದೆ.
ನಾಳೆ ಹನ್ನೆರಡೂವರೆಗೆ ಗೇಟು. ಟೊಪ್ಪಿ ತಾ.
ಸೌತೆಕಾಯಿ ನಾನು ತರುತ್ತೇನೆ.