ಏಳೂವರೆ ನಿಮಿಷ

ಮೇ ತಿಂಗಳಲ್ಲಿ ಕೌಲ್ ಬಜಾರಿನ ನಲ್ಲಿ
ತಣ್ಣೀರು ಕೊಡುವುದಿಲ್ಲ.
ನಡುರಾತ್ರಿ ತಿರುಗಿಸಿದರೂ ಮೂವತ್ತೆರಡು ಡಿಗ್ರಿ.
ಐಸ್ ಫ್ಯಾಕ್ಟರಿಯಿಂದ ಗೋಣಿ ಸುತ್ತಿದ ಗಡ್ಡೆಯನ್ನು
ಸೈಕಲ್ ಕ್ಯಾರಿಯರಿಗೆ ಕಟ್ಟಿ ತರುವುದು ನನ್ನ ಕೆಲಸ.
ದಾರಿಯುದ್ದಕ್ಕೂ ಅದು ನನ್ನ ಹಿಂದೆ
ಒಂದು ಗೆರೆ ಎಳೆಯುತ್ತ ಬರುತ್ತಿತ್ತು,
ತಿರುಗಿ ನೋಡುವಷ್ಟರಲ್ಲಿ ಒಣಗಿರುತ್ತಿತ್ತು.

ಖಲಂದರ್ ಮಾಸ್ತರು ಐಸು ಒಡೆದು
ಬೋಗುಣಿಯಲ್ಲಿ ಡೆವಲಪರ್ ಬಾಟಲಿ ಕೂರಿಸಿ
ಪಾದರಸ ಇಪ್ಪತ್ತಕ್ಕೆ ಇಳಿಯುವ ತನಕ
ಬೀಡಿ ಹಚ್ಚದೆ ಕಾಯುವರು.
"ನಮ್ಮೂರ ಬಿಸಿಲು ಜಗಳಗಂಟ ಐತಿ, ಯರ್ರಿ.
ಸುಣ್ಣದ ಗೋಡಿಗೆ ಒಂದು ಮಾತು,
ಮನುಷ್ಯಾನ ಮುಖಕ್ಕೆ ಇನ್ನೊಂದು.
ಇಬ್ಬರ್ನೂ ಒಂದೇ ಚಾಪಿ ಮ್ಯಾಲೆ ಕುಂದ್ರಿಸಬೇಕು.
ಕ್ಯಾಮೆರಾದಾಗ ನೆರಳಿಗೆ ಕೈತುಂಬ ಕೊಡು.
ಡಬ್ಬಿಯಾಗ ಬೆಳಕಿನ ಹೊತ್ತು ಕಡಿಮಿ ಮಾಡು."

ಕತ್ತಲ ಡಬ್ಬಿಯೊಳಗೆ ನೆರಳು
ಎರಡು ತುತ್ತಿಗೇ ಕೈತೊಳೆದು ಏಳುತ್ತದೆ.
ಬೆಳಕು ಉಣ್ಣುತ್ತಲೇ ಇರುತ್ತದೆ,
ಯಾರಾದರೂ ಎಲೆ ಎಳೆಯುವವರೆಗೆ.

ಆ ವರ್ಷ ಸಂಡೂರಿನ ಕಡೆ ಒಂದು ಗಣಿಯಲ್ಲಿ
ಮುನ್ನೂರು ಮಂದಿಗೆ ಗುರುತಿನ ಚೀಟಿ.
ಊಟದ ಬಿಡುವಿನಲ್ಲೇ ತೆಗೆಯಬೇಕು,
ನೆತ್ತಿಯ ಮೇಲೆ ಸೂರ್ಯ,
ಬೆನ್ನಿಗೆ ಆಫೀಸಿನ ಹೊಸ ಸುಣ್ಣ.
ಒಬ್ಬೊಬ್ಬರೂ ಬಂದು ನಿಂತರು,
ರೆಪ್ಪೆಯವರೆಗೂ ಕೆಂಪು.
ಫಿಲ್ಮಿಗೆ ಕೆಂಪು ಗೊತ್ತಿಲ್ಲ.
ಅದಿರಿನ ಧೂಳು, ಹಣೆಯ ಕುಂಕುಮ,
ಬಾಯೊಳಗಿನ ಎಲೆ ಅಡಿಕೆ, ಎಲ್ಲ
ಅದಕ್ಕೆ ಒಂದೊಂದು ಬೂದಿ.

ಒಂಬತ್ತನೇ ರೋಲು ನನ್ನ ಕೈಗೆ ಕೊಟ್ಟರು.
ಐಸು ಕರಗಿತ್ತು, ಹೇಳಲಿಲ್ಲ.
ಮಜ್ಜಿಗೆ ಕಡೆದಂತೆ ಡಬ್ಬಿ ಕುಲುಕಿದೆ.
ಹೊರಗೆ ರೇಡಿಯೋದಲ್ಲಿ ಕೊನೆಯ ಓವರು,
ಕಿವಿ ಅಲ್ಲಿತ್ತು.
ಗಡಿಯಾರ ನೋಡಿದಾಗ ಹನ್ನೊಂದು ನಿಮಿಷ.

ನೆಗೆಟಿವಿನಲ್ಲಿ ಸುಣ್ಣದ ಗೋಡೆ
ಡಾಂಬರಿನಂತೆ ಕೂತಿತ್ತು.
ಮುಖ ಬರಲೆಂದು ಪ್ರಿಂಟು ಹಾಕಿದರೆ
ತಲೆಯ ಬಿಳಿ ಸೆರಗು ಗೋಡೆಗೆ ಕಲೆತು
ಮುಖವೊಂದೇ ತೇಲುತ್ತಿತ್ತು.
ಸೆರಗು ಉಳಿಸಹೋದರೆ ಮುಖ ಬಾವಿಗೆ ಬಿತ್ತು.
ಸೆರಗನ್ನೇ ಉಳಿಸಿದೆ. ಬೈಸಿಕೊಳ್ಳದೆ
ಮೂವತ್ತಾರೂ ಕಳಿಸಿಬಿಟ್ಟೆ.
"ಸಾಕು ಬಿಡಿ, ನಂಬರ್ ಇದೆಯಲ್ಲ" ಎಂದನಂತೆ
ಗಣಿಯ ಗುಮಾಸ್ತ.

ಶುಕ್ರವಾರ ಸಂತೆಗೆಂದು ಬಂದ ಹೊನ್ನೂರಮ್ಮ
ಅಂಗಡಿಯ ಹೊಸ್ತಿಲಲ್ಲಿ ನಿಂತು
ಚೀಟಿಯನ್ನು ದೂರ ಹಿಡಿದಳು, ಹತ್ತಿರ ಹಿಡಿದಳು.
"ಗದ್ದದ ಹಚ್ಚಿ ಎಲ್ಲೈತಿ?"
ನಾನು ಸುಮ್ಮನಿದ್ದೆ.
"ನಮ್ಮವ್ವ ಹಾಕಿಸಿದ್ದು.
ಅಳಬಾರದಂತ ಬಾಯಾಗ ಬೆಲ್ಲ ಇಟ್ಟಿದ್ಲು."

ಮಾಸ್ತರು ಬೈಯಲಿಲ್ಲ. ಅದೇ ಕಷ್ಟವಾಯಿತು.
ನನ್ನ ಮುಂದೆಯೇ ಮೂವತ್ತಾರು ಹೆಸರು ಬರೆದುಕೊಂಡು
ಬೆಳಗಿನ ಬಸ್ಸು ಹಿಡಿದರು, ಸ್ಟ್ಯಾಂಡು ಹೊತ್ತು ನಾನು.
ಅದೇ ಗೋಡೆ, ಅದೇ ನೆತ್ತಿ.
ಹೊನ್ನೂರಮ್ಮ ಸೆರಗಿನ ತುದಿ ನೆನೆಸಿ
ಗದ್ದ ಒರೆಸಿಕೊಂಡು ನಿಂತಳು.

ಆ ರಾತ್ರಿ ಎರಡು ಗಡ್ಡೆ ಐಸು.
ಅರ್ಧ ನಿಮಿಷಕ್ಕೊಮ್ಮೆ ಡಬ್ಬಿ ಮಗುಚಿದೆ,
ನಿದ್ದೆಯ ಕೂಸಿಗೆ ಮಗ್ಗುಲು ಬದಲಿಸಿದಷ್ಟು.
ಏಳೂವರೆಗೆ ಸರಿಯಾಗಿ ಚೆಲ್ಲಿದೆ.

ಕೆಂಪು ಬಲ್ಬಿನ ಕೆಳಗೆ, ತಟ್ಟೆಯ ನೀರಿನಲ್ಲಿ
ಮೊದಲು ಕಣ್ಣು ಬಂತು,
ಆಮೇಲೆ ಮೂಗಿನ ಪಕ್ಕದ ಗೀರು,
ಸೆರಗಿನಂಚಿನ ಹರಿದು ಹೊಲಿದ ದಾರ,
ಬಹಳ ತಡವಾಗಿ, ಬರುವುದೋ ಇಲ್ಲವೋ ಎಂಬಂತೆ
ಕಪ್ಪಿನ ಮೇಲೆ ಇನ್ನೊಂದು ಕಪ್ಪು:
ನಾಲ್ಕು ಚುಕ್ಕಿ, ನಡುವೆ ಒಂದು.

ಮಾಸ್ತರ ಹಸಿರು ರಟ್ಟಿನ ಪುಸ್ತಕ ಈಗ ನನ್ನಲ್ಲಿದೆ.
ಬಿಸಿಲು, ಬಂಡೆ, ಮಧ್ಯಾಹ್ನ: ಏಳೂವರೆ.
ಆಷಾಢದ ಮೋಡ, ಚಪ್ಪಟೆ ಬೆಳಕು:
ಎರಡು ನಿಮಿಷ ಹೆಚ್ಚು, ಮುಖಕ್ಕೆ ಉಪ್ಪು ಖಾರ ಬರಲಿ.
ಹೈಪೋ ಕಲೆಯ ಒಂದು ಪುಟದಲ್ಲಿ
ಹನ್ನೊಂದನ್ನು ಹೊಡೆದು ಹಾಕಿ ಬರೆದಿದ್ದಾರೆ:
ಹೊನ್ನೂರಮ್ಮ, ಚುಕ್ಕಿ ಐದು.
ಪಕ್ಕದಲ್ಲಿ ಪೆನ್ಸಿಲಿನಲ್ಲಿ
ಐಸು ಮೂರು ರೂಪಾಯಿ,
ಯರ್ರಿ ಸಂಬಳದಲ್ಲಿ ಹಿಡಿದಿಲ್ಲ.