ಅರಳೆ

ಚೌಕಿಪೇಟೆಯ ಅಂಗಡಿಯಲ್ಲಿ ನನ್ನ ಕೆಲಸ
ಪಂಚೆ ಬಿಚ್ಚುವುದು, ಅಂಚು ತೋರಿಸುವುದು, ಮತ್ತೆ ಮಡಚುವುದು.
ಗಾದಿ ಬಿಳಿ. ದಿಂಬು ಬಿಳಿ. ಮೇಲುಹಾಸು
ಸೋಮವಾರಕ್ಕೊಮ್ಮೆ ಲಾಂಡ್ರಿಯಿಂದ ಬರುತ್ತದೆ, ಇನ್ನೂ ಬಿಳಿಯಾಗಿ.
ಏಪ್ರಿಲ್ಲಿನ ದಾವಣಗೆರೆ ಗೊತ್ತಲ್ಲ,
ಫ್ಯಾನು ಕೂಡ ಬಿಸಿ ಉಸಿರೇ ಬಿಡುತ್ತದೆ.
ಎರಡನೇ ದಿನ, ಪ್ಯಾಡಿನ ಅಂಚು ತೊಡೆ ಕೆರೆದು,
ಏಳುವಾಗೆಲ್ಲ ಹಿಂದೆ ತಿರುಗಿ ನೋಡಿ,
ಕೂತ ಜಾಗದ ಮೇಲೊಂದು ಟವೆಲ್ಲು ಜಾರಿಸಿ...
ಗಿರಾಕಿ ಕೇಳುವುದು ಎಂಟು ಮೊಳದ್ದು,
ನನ್ನ ಲೆಕ್ಕ ಬೇರೆ.

ಅಜ್ಜಿ ಹಾಲಮ್ಮ ಮಿಲ್ಲಿನಲ್ಲಿ ನೂಲು ಸುತ್ತುತ್ತಿದ್ದಳು.
ಶಿಫ್ಟು ಮುಗಿದರೆ ಗೇಟಿನಲ್ಲಿ ತಪಾಸಣೆ:
ಸೆರಗು ಕೊಡವಬೇಕು, ಬುತ್ತಿಗಂಟು ಬಿಚ್ಚಬೇಕು.
ಆದರೂ ಒಂದು ಹಿಡಿ ಅರಳೆ, ನೆಲದಿಂದ ಗುಡಿಸಿದ್ದು,
ಎಲ್ಲಿಟ್ಟುಕೊಂಡು ತರುತ್ತಿದ್ದಳೋ!
ಹಳೆ ಸೀರೆಯ ಚೂರಿಗೆ ತುಂಬಿ ಹೊಲಿದು
"ನನಗೆ ನಾನೇ ಕೊಟ್ಟುಕೊಂಡ ಬೋನಸ್ಸು" ಎನ್ನುತ್ತಿದ್ದಳು.
ತೊಳೆದು ಒಣಹಾಕುವುದು ಮಾತ್ರ
ಬಚ್ಚಲ ಮೂಲೆಯಲ್ಲಿ, ಲಂಗದ ಅಡಿಯಲ್ಲಿ.
ಬಿಸಿಲಿಗೆ ಬರವಿಲ್ಲದ ಊರಲ್ಲಿ
ಆ ಬಟ್ಟೆ ಒಂದು ದಿನವೂ ಬಿಸಿಲು ಕಾಣಲಿಲ್ಲ.

ಮೆಡಿಕಲ್ ಶಾಪಿನ ಗುಲ್ನಾರ್ ಸಣ್ಣ ಪೆಟ್ಟಿಗೆ ಕೊಟ್ಟಳು.
ಸೀಮೆಸುಣ್ಣದ ಚೂರಿನಷ್ಟು, ಬಾಲಕ್ಕೊಂದು ದಾರ.
"ಟ್ಯಾಂಪನ್ನು. ಇದೂ ಅರಳೆಯೇ ಕಣೇ, ಒತ್ತಿ ಸುತ್ತಿದ್ದು."
ಮದುವೆಯಾಗದವಳು ನಾನು, ಅಂದೆ.
"ಮುಟ್ಟು ನಿನ್ನ ಮದುವೆಗೆ ಕಾದಿತ್ತಾ?" ಅಂದಳು.

ಬಚ್ಚಲ ಬಾಗಿಲಾಚೆ ನಿಂತು, ಮಗ್ಗಿ ಹೇಳಿಸಿದಂತೆ:
ಸೋಪು ಹಾಕಿ ಕೈ ತೊಳೆ. ಈಗಲೇ. ಆಮೇಲಷ್ಟೇ ಅಲ್ಲ.
ಉಗುರು ಕತ್ತರಿಸಿದ್ದೀಯಾ?
ಒಂದು ಕಾಲು ಬಕೆಟ್ಟಿನ ಮೇಲಿಡು. ಬೋರಲು ಹಾಕೇ, ಬಕೆಟ್ಟು!
ನೆಟ್ಟಗೆ ಮೇಲಕ್ಕಲ್ಲ, ಬೆನ್ನಿನ ಕಡೆಗೆ ಓರೆಯಾಗಿ.
ಉಸಿರು ಬಿಗಿಹಿಡಿದಿದ್ದೀಯ, ಇಲ್ಲಿಗೇ ಗೊತ್ತಾಗ್ತಿದೆ, ಬಿಡು.
ಹೆದರಿ ಅರ್ಧಕ್ಕೇ ನಿಲ್ಲಿಸಿದೆ; ಒತ್ತಿತು.
"ಒತ್ತಿದರೆ ಸರಿಯಾಗಿ ಕೂತಿಲ್ಲ. ತೆಗೆದು ಎಸೆ.
ಇನ್ನೊಂದಿದೆಯಲ್ಲ, ಅವಸರವೇನು?"
ಎರಡನೆಯದು ಹೋಯಿತು.
ಹೋಯಿತೋ ಇಲ್ಲವೋ ಗೊತ್ತಾಗದ ಹಾಗೆ ಹೋಯಿತು.
ದಾರ ಮಾತ್ರ ಹೊರಗೆ,
ಮಂಡಕ್ಕಿ ಚೀಲದ ಬಾಯಲ್ಲಿ ಎಳೆಯಲೆಂದೇ ಬಿಟ್ಟ ತುದಿ.

ಅಂಗಡಿಯ ಗಡಿಯಾರ ಈಗ ನನ್ನದೂ ಹೌದು.
ಒಂಬತ್ತೂವರೆಗೆ ಇಟ್ಟದ್ದು, ಎರಡಕ್ಕೆ ಊಟದ ಬಿಡುವಿನಲ್ಲಿ ಬದಲು.
ಎಂಟು ತಾಸು ದಾಟಿಸಲೇಬಾರದು.
ಜ್ವರ ಏರಿದರೆ, ತಲೆ ಸುತ್ತಿದರೆ, ಮೈ ಕೆಂಪಾಗಿ ಗಂಧೆ ಎದ್ದರೆ
ಮೊದಲು ತೆಗಿ, ಆಸ್ಪತ್ರೆಗೆ ಓಡು, ಇಟ್ಟುಕೊಂಡಿದ್ದೆ ಅಂತ ಹೇಳು:
ಈ ಒಂದು ಮಾತು ಹೇಳುವಾಗ ಗುಲ್ನಾರ್ ನಗುವುದಿಲ್ಲ.
ಕಾಗದದಲ್ಲಿ ಸುತ್ತಿ ಡಬ್ಬಿಗೆ. ಪಾಯಖಾನೆಗಲ್ಲ,
ಪೈಪು ಕಟ್ಟಿದರೆ ಅದಕ್ಕೆ ಕೈ ಹಾಕುವವರೂ ಮನುಷ್ಯರೇ.
ಕೊನೆಯ ದಿನಕ್ಕೆ ಪ್ಯಾಡೇ ಸಾಕು;
ಒಣಗಿದ ಅರಳೆ ಬರುವಾಗ ಜಗಳವಾಡುತ್ತದೆ.
ದುಬಾರಿ ಬೇರೆ. ಪೆಟ್ಟಿಗೆಗೆ ನನ್ನ ಅರ್ಧ ದಿನದ ಸಂಬಳ.

ನಿನ್ನೆ ಒಬ್ಬ ಮುದುಕ ಪಂಚೆಯ ಅಂಚು ಬೆರಳಲ್ಲಿ ಉಜ್ಜಿ
"ನಮ್ಮ ಮಿಲ್ಲಿನ ಕಾಲದ ಅರಳೆ ಈಗೆಲ್ಲಿ ತಾಯಿ" ಎಂದ.
ಹೌದಲ್ಲ ಎಂದು ಎದ್ದೆ,
ಮೇಲಿನ ಅಟ್ಟದಿಂದ ಇನ್ನೊಂದು ಕಟ್ಟು ಇಳಿಸಲು.
ಏಣಿ ಅರ್ಧ ಹತ್ತಿದ ಮೇಲೆ ನೆನಪಾಯಿತು:
ಗಾದಿಯನ್ನು ತಿರುಗಿ ನೋಡಿರಲಿಲ್ಲ.