ಬೆರಳೆಣಿಕೆ

ಕಟ್ವೆಯ ಉಪ್ಪಿನ ಕೆರೆಯವರೆಗೆ ಬೋಡಾ ಬೈಕು ಇಳಿಯುವುದಿಲ್ಲ.
ಕೊನೆಯ ಇಳಿಜಾರಿಗೆ ಕಾಲೇ ಗತಿ.
ಬೆನ್ನ ಚೀಲದಲ್ಲಿ ಕೈಗವಸು, ಬ್ಯಾಂಡೇಜು,
ಯಾರೋ ಕುಡಿದೆಸೆದ ನೀರಿನ ಬಾಟಲಿಯಲ್ಲಿ
ಹಸಿರು ಬಣ್ಣದ ಮಾರ್ಫಿನ್.
ಹಸಿರೇಕೆ ಎಂದು ಎಲ್ಲರೂ ಕೇಳುತ್ತಾರೆ.
ನೀರೆಂದು ಮಕ್ಕಳು ಕುಡಿದುಬಿಡಬಾರದಲ್ಲ,
ಅಷ್ಟೇ.

ಕಬುಘೋ ಮೂವತ್ತು ವರ್ಷ
ಸೊಂಟಮಟ್ಟ ನಿಂತು ಉಪ್ಪು ಬಾಚಿದವಳು.
ಈಗ ಎಡಗಡೆ, ಎದೆಯಿದ್ದಲ್ಲಿ, ಬಾಯ್ಬಿಟ್ಟ ಗಾಯ.
ಮೊದಲ ದಿನ ಹೊಸ್ತಿಲಲ್ಲೇ ನಾತ ಎದುರಾಯಿತು
ಮನೆಯ ಯಜಮಾನನ ಹಾಗೆ.
ಮೊಮ್ಮಗಳು ಇಥುಂಗು ಚಾಪೆಯನ್ನು ಹೊರಗೆ,
ಆಡಿನ ಗೂಟದ ಪಕ್ಕ ಹಾಸಿಕೊಂಡಿದ್ದಳು.
ನಾನು ಮೂಗು ಮುಚ್ಚಲಿಲ್ಲ.
ಮುಖ ಮೊದಲು ಒಳಗೆ ಹೋಗಬೇಕು,
ಕೈ ಆಮೇಲೆ.

ಎಷ್ಟು ನೋವು? ಬೆರಳಲ್ಲಿ ತೋರಿಸಮ್ಮಾ.
ಮುಷ್ಟಿಯೆಂದರೆ ಏನಿಲ್ಲ,
ಐದೂ ಬಿಚ್ಚಿದರೆ ತಡೆಯಲಾರೆ.
ಅವಳು ಐದೂ ಬಿಚ್ಚಿದಳು, ಸ್ವಲ್ಪ ಯೋಚಿಸಿ
ಇನ್ನೊಂದು ಕೈಯನ್ನೂ ಎತ್ತಿದಳು.
ನಮ್ಮ ಲೆಕ್ಕದಲ್ಲಿ ಎರಡನೇ ಕೈ ಇಲ್ಲ.
ಹತ್ತು ಎಂದೇ ಬರೆದುಕೊಂಡೆ.

ನೋವು ಬಂದ ಮೇಲಲ್ಲ, ಬರುವ ಮೊದಲೇ ಕೊಡಬೇಕು,
ನಾಲ್ಕು ಗಂಟೆಗೊಮ್ಮೆ.
ಗಡಿಯಾರವಿಲ್ಲದ ಮನೆ. ಇಥುಂಗು ಲೆಕ್ಕ ಹಾಕಿದಳು:
ಮಸೀದಿಯ ಮೊದಲ ಕೂಗಿಗೆ ಒಂದು,
ಉಪ್ಪಿನ ಲಾರಿ ಹೊರಟಾಗ ಒಂದು,
ನೆರಳು ಬಾವಿಕಟ್ಟೆ ಮುಟ್ಟಿದಾಗ,
ನೀರಾನೆಗಳು ಮೇಯಲು ದಡ ಹತ್ತಿದಾಗ.
ಮಲಗುವ ಮುಂಚೆ ಎರಡು ಪಾಲು,
ನಡುರಾತ್ರಿ ಯಾರೂ ಏಳದಿರಲಿ.
ಮಲ ಕಟ್ಟುತ್ತದೆ, ಪಪ್ಪಾಯಿ ಬೀಜ ಒಣಗಿಸಿಡು ಎಂದೆ.
ಅಜ್ಜಿ ಮೊದಲ ಸಲ ನಕ್ಕಿದ್ದು ಆಗಲೇ.

ಎರಡನೇ ಸಲ ನಕ್ಕಿದ್ದು, ಕುದಿಸಿ ಆರಿಸಿದ ನೀರಿಗೆ
ಒಂದು ಚಿಟಿಕೆ ಉಪ್ಪು ಕೇಳಿದಾಗ:
"ಗಾಯಕ್ಕೆ ಉಪ್ಪು ಹಾಕೋಕೆ ಅಷ್ಟು ದೂರದಿಂದ ಬಂದೆಯಾ?"
ತೊಳೆದೆ, ಉಜ್ಜದೆ, ಸುರಿದು ಸುರಿದು.
ಮಾತ್ರೆ ಅರೆದು ಪುಡಿ ಉದುರಿಸಿದೆ.
ನಾಲ್ಕನೇ ದಿನ ಬಂದಾಗ
ಚಾಪೆ ಒಳಗಿತ್ತು.

"ಈ ಹಸಿರು ನೀರು ಗೆಡ್ಡೆ ಕರಗಿಸುತ್ತದೆಯೇ?"
ಇಲ್ಲ.
"ಹೂಂ," ಎಂದಳು, "ಹೌದು ಅಂದಿದ್ದರೆ ಉಗುಳುತ್ತಿದ್ದೆ."
ಆಮೇಲೆ, ಗೋಡೆಯ ಕಡೆ ತಿರುಗಿ,
ಉಪ್ಪಿನ ಮಡಿ ಮೈದುನನ ಪಾಲಾಗುತ್ತದೆ, ಅದೇ ಸುಡುತ್ತದೆ ಎಂದಳು.
ಆ ಮಾತನ್ನೂ ನೋವಿನ ಕಾಲಮ್ಮಿನಲ್ಲೇ ಬರೆದೆ.
ಮುಂದಿನ ವಾರ ಊರ ಅಧ್ಯಕ್ಷನನ್ನು ಕರೆತಂದೆ,
ಕಾಗದ, ಶಾಯಿ ಪ್ಯಾಡು, ಹೆಬ್ಬೆಟ್ಟು.
ಮಡಿ ಇಥುಂಗುವಿಗೆ.
ಅಂದು ಅವಳು ಎತ್ತಿದ್ದು ಎರಡೇ ಬೆರಳು.
ಔಷಧ ಒಂದು ತೊಟ್ಟೂ ಹೆಚ್ಚಿಸಿರಲಿಲ್ಲ.

ಹೋದದ್ದು ಭಾನುವಾರ, ಲಾರಿ ಹೊರಡುವ ಹೊತ್ತಿಗೆ.
ಚಮಚ ಇಥುಂಗುವಿನ ಕೈಯಲ್ಲೇ ಇತ್ತಂತೆ.

ಒಂಬತ್ತನೇ ದಿನ ಮತ್ತೆ ಇಳಿಜಾರು ಇಳಿದೆ.
ಉಳಿದದ್ದು ಎಪ್ಪತ್ತು ಮಿಲಿ. ಅಳೆದೆ, ಬರೆದೆ, ಸಹಿ ಮಾಡಿದೆ.
ಸಾವಿಗೂ ರಸೀದಿ ಬೇಕು ನಮ್ಮ ಕಚೇರಿಗೆ.
ಚೀಲದ ಜಿಪ್ಪು ಎಳೆದು, ಎದ್ದು,
ಏನೋ ನೆನಪಾಗಿ ಕೇಳಿದೆ:
ನಿನಗೆಷ್ಟು?

ಹುಡುಗಿ ಕೈ ನೋಡಿಕೊಂಡಳು, ಉಪ್ಪು ಕಚ್ಚಿ ಬಿರಿದ ಕೈ.
ನಾಲ್ಕು ಬೆರಳು ಬಿಚ್ಚಿ, ಹೆಬ್ಬೆರಳನ್ನು
ಬಿಚ್ಚಲೋ ಬೇಡವೋ ಎಂದು ಹಿಡಿದುಕೊಂಡು ನಿಂತಳು.
ಇದಕ್ಕೆ ಚೀಲದಲ್ಲಿ ಬಾಟಲಿ ಇಲ್ಲ.
ಚಾಪೆಯ ಮೇಲೆ ಕೂತೆ.
ಮೇಲಿನಿಂದ ಬೋಡಾದವನು ಹಾರನ್ ಹೊಡೆದ, ಎರಡು ಸಲ.
ಕಾಯಲಿ.